ಬೆಟ್ಟದ ಶಾಲೆಗಳು ಕಾಪಾಡಿದ ಕಾಗದಗಳು

ನಮ್ಮ ಪ್ರೌಢಶಾಲೆ ಐವತ್ತು ವರ್ಷಗಳನ್ನು ಪೂರೈಸಿರುವ ಈ ಸಂತಸದ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಇತಿಹಾಸಕ್ಕೆ ಸಂಬಂಧಿಸಿದ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಯ ಇತಿಹಾಸವನ್ನು ನನಗಿಂತ ಹಿರಿಯರೂ ತಿಳಿದವರೂ ಈ ಸಂಚಿಕೆಯಲ್ಲಿ ಬರೆಯುತ್ತಿದ್ದಾರೆ. ಹಾಗಾಗಿ ನಾನು ಸ್ವಲ್ಪ ಬೇರೆ ವಿಷಯವನ್ನು ಆರಿಸಿಕೊಂಡಿದ್ದೇನೆ. ಒಂದು ಶಾಲೆಯ, ಒಂದು ಊರಿನ ಇತಿಹಾಸವನ್ನು ಬರೆಯಲು ಬೇಕಾದ ಕಾಗದಪತ್ರಗಳು ಎಲ್ಲಿ ಉಳಿಯುತ್ತವೆ, ಅವನ್ನು ಯಾರು ಕಾಪಾಡುತ್ತಾರೆ, ಕಾಪಾಡಿದರೆ ಊರಿಗೆ ಏನು ಪ್ರಯೋಜನ ಎಂಬುದೇ ಆ ವಿಷಯ. ಇದಕ್ಕೆ ಉದಾಹರಣೆಯಾಗಿ ಅಮೆರಿಕ ಸಂಯುಕ್ತ ಸಂಸ್ಥಾನದ ಅಪಲಾಚಿಯಾ ಎಂಬ ಬೆಟ್ಟಸೀಮೆಯನ್ನು ತೆಗೆದುಕೊಂಡಿದ್ದೇನೆ. ಅಮೆರಿಕ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳು. ಆದರೆ ಅದೇ ದೇಶದಲ್ಲಿ ರಸ್ತೆಯಿಲ್ಲದ, ಶಾಲೆಯಿಲ್ಲದ ಕಣಿವೆಗಳೂ ಇದ್ದವು. ಅಲ್ಲಿನ ಜನ ಶಾಲೆಗಳನ್ನು ಕಟ್ಟಿಕೊಂಡದ್ದು ಮತ್ತು ಆ ಶಾಲೆಗಳ ಕಾಗದಗಳನ್ನು ಉಳಿಸಿಕೊಂಡದ್ದು ನಮ್ಮಂಥ ಊರಿನವರು ತಿಳಿಯಬೇಕಾದ ಸಂಗತಿ ಎಂದು ನನಗೆ ಅನ್ನಿಸಿದೆ.

ದೂರದ ಬೆಟ್ಟ

ಅಪಲಾಚಿಯನ್ ಪರ್ವತಶ್ರೇಣಿ ಅಮೆರಿಕದ ಪೂರ್ವಭಾಗದಲ್ಲಿ ಕೆನಡಾದಿಂದ ದಕ್ಷಿಣದ ಅಲಬಾಮಾದವರೆಗೆ ಹಬ್ಬಿದೆ. ಇದರ ದಕ್ಷಿಣಾರ್ಧದಲ್ಲಿ ಬರುವ ಪೂರ್ವ ಕೆಂಟುಕಿ, ವೆಸ್ಟ್ ವರ್ಜೀನಿಯಾ, ಪೂರ್ವ ಟೆನೆಸ್ಸಿ, ಪಶ್ಚಿಮ ನಾರ್ತ್ ಕ್ಯಾರೊಲಿನಾ, ವರ್ಜೀನಿಯಾದ ನೈಋತ್ಯ ಮೂಲೆ ಮತ್ತು ಜಾರ್ಜಿಯಾದ ಉತ್ತರ ತುದಿ ನಮ್ಮ ಲೇಖನದ ಪ್ರದೇಶ. ಹೊರಗಿನವರು ಇದನ್ನು 'ಅಪಲೇಶಿಯಾ' ಎನ್ನುತ್ತಾರೆ. ಅಲ್ಲಿನವರು 'ಅಪಲ್ಯಾಚ' ಎಂದು ತಿದ್ದುತ್ತಾರೆ. ತಮ್ಮ ಊರಿನ ಹೆಸರನ್ನು ಹೊರಗಿನವರಿಂದ ಕಲಿಯಬೇಕಾಗಿಲ್ಲ ಎಂಬ ಸ್ವಾಭಿಮಾನ ಅದರಲ್ಲಿದೆ.

ಈ ನೆಲದ ಮೂಲ ನಿವಾಸಿಗಳಾದ ಚೆರೊಕೀ ಜನರಲ್ಲಿ ಹೆಚ್ಚಿನವರನ್ನು 1838ರಲ್ಲಿ ಸರ್ಕಾರವೇ ಬಲವಂತವಾಗಿ ಪಶ್ಚಿಮಕ್ಕೆ ಅಟ್ಟಿತು. ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡ್, ಜರ್ಮನಿಗಳಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಕಣಿವೆಗಳಲ್ಲಿ ಮರದ ದಿಮ್ಮಿಯ ಮನೆ ಕಟ್ಟಿ, ಜೋಳ ಬೆಳೆದು, ಹಂದಿ ಸಾಕಿ ಬದುಕಿದರು. ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ ಮೂಲದವರೂ ಇಲ್ಲಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲು ಬಂತು. ಅದರ ಹಿಂದೆಯೇ ಮರದ ಕಂಪನಿಗಳೂ ಕಲ್ಲಿದ್ದಲಿನ ಕಂಪನಿಗಳೂ ಬಂದವು. ದೇಶದ ಕಾರ್ಖಾನೆಗಳು ಉರಿದದ್ದು ಈ ಬೆಟ್ಟಗಳ ಕಲ್ಲಿದ್ದಲಿನಿಂದ. ಆದರೂ ಬೆಟ್ಟದವರು ಬಡವರಾಗಿಯೇ ಉಳಿದರು.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನಮ್ಮಲ್ಲಿದೆ. ಅಪಲಾಚಿಯಾದ ಮಟ್ಟಿಗೆ ಈ ಗಾದೆ ತಿರುಗಾಮುರುಗಾ ಆಯಿತು. ದೂರದಿಂದ ನೋಡಿದವರಿಗೆ ಆ ಬೆಟ್ಟ ಒರಟಾಗಿಯೇ ಕಂಡಿತು. ಪಟ್ಟಣದ ಪತ್ರಿಕೆಗಳು ಅಲ್ಲಿನ ಜನರನ್ನು ಕಳ್ಳಭಟ್ಟಿ ಕಾಯಿಸುವವರು, ಕುಲವೈರದಲ್ಲಿ ಗುಂಡು ಹಾರಿಸುವವರು, ಬರಿಗಾಲಿನ ಅನಕ್ಷರಸ್ಥರು ಎಂದು ಚಿತ್ರಿಸಿದವು. 'ಹಿಲ್‌ಬಿಲ್ಲಿ' ಎಂಬ ಹೀಯಾಳಿಕೆಯ ಮಾತು ಹುಟ್ಟಿಕೊಂಡಿತು. 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಪೂರ್ವ ಕೆಂಟುಕಿಗೆ ಭೇಟಿ ಕೊಟ್ಟು, ಬಡವನೊಬ್ಬನ ಮನೆಯ ಜಗಲಿಯ ಮೇಲೆ ಕುಳಿತು ಮಾತನಾಡಿದ ಚಿತ್ರ ದೇಶದಾದ್ಯಂತ ಪ್ರಕಟವಾಯಿತು. ಮರುವರ್ಷ ಅಪಲಾಚಿಯನ್ ಪ್ರಾದೇಶಿಕ ಆಯೋಗವೂ ಸ್ಥಾಪನೆಯಾಯಿತು. ಸಹಾಯ ಬಂತು ನಿಜ. ಆದರೆ ಆ ಚಿತ್ರಗಳಲ್ಲಿ ಬೆಟ್ಟದವರು ಕೈಚಾಚಿ ಕುಳಿತವರಾಗಿ ಮಾತ್ರ ಕಂಡರು. ಅವರು ಕಟ್ಟಿದ ಶಾಲೆ, ಹಾಡಿದ ಹಾಡು, ನಡೆಸಿದ ಮುಷ್ಕರ, ಬರೆದ ಪತ್ರ ಯಾವುದೂ ಕಾಣಲಿಲ್ಲ.

ಬೇರೆಯವರು ಬರೆದ ಕಥೆಗೆ ಉತ್ತರ ಕೊಡಬೇಕಾದರೆ ಬರಿಯ ಸಿಟ್ಟು ಸಾಲದು, ದಾಖಲೆ ಬೇಕು. ಆ ದಾಖಲೆಯನ್ನು ಕೂಡಿಡುವ ಕೆಲಸವನ್ನು ಬಹುಮಟ್ಟಿಗೆ ಮಾಡಿದ್ದು ಬೆಟ್ಟದ ಮಧ್ಯದಲ್ಲೇ ಇದ್ದ ಸಣ್ಣ ಶಾಲೆಗಳು ಮತ್ತು ಕಾಲೇಜುಗಳು.

ಬಿರಿಯಾ ಕಾಲೇಜಿನ ಹಾಜರಿ ಪಟ್ಟಿ

ಕೆಂಟುಕಿಯ ಬಿರಿಯಾ ಎಂಬ ಊರಿನ ಕಾಲೇಜಿನಿಂದ ಆರಂಭಿಸುತ್ತೇನೆ. 1855ರಲ್ಲಿ ಜಾನ್ ಜಿ. ಫೀ ಎಂಬ ಪಾದ್ರಿ ಅಲ್ಲಿ ಒಂದು ಕೋಣೆಯ ಶಾಲೆಯನ್ನು ತೆರೆದರು. ಅವರ ತಂದೆ ಗುಲಾಮರನ್ನು ಇಟ್ಟುಕೊಂಡಿದ್ದವರು, ಮಗ ಗುಲಾಮಗಿರಿಯ ಕಡುವಿರೋಧಿ. 1859ರ ಡಿಸೆಂಬರಿನಲ್ಲಿ ಆಯುಧ ಹಿಡಿದ ಗುಂಪೊಂದು ಬಂದು ಶಾಲೆಯವರನ್ನು ಊರು ಬಿಡಿಸಿತು. ಅಂತರ್ಯುದ್ಧ ಮುಗಿದ ಮೇಲೆ ಅವರು ಮರಳಿ ಬಂದು ಶಾಲೆಯನ್ನು ಮತ್ತೆ ತೆರೆದರು. 1866-67ನೇ ಸಾಲಿನಲ್ಲಿ ಅಲ್ಲಿ 187 ವಿದ್ಯಾರ್ಥಿಗಳಿದ್ದರು. ಅವರಲ್ಲಿ 96 ಮಂದಿ ಕಪ್ಪು ಜನಾಂಗದವರು, 91 ಮಂದಿ ಬಿಳಿಯರು. ಗುಲಾಮಗಿರಿ ಅಳಿದು ಎರಡು ವರ್ಷವೂ ಆಗದ ಕಾಲದಲ್ಲಿ, ದಕ್ಷಿಣದ ರಾಜ್ಯವೊಂದರಲ್ಲಿ, ಒಂದೇ ಶಾಲೆಯಲ್ಲಿ ಎರಡೂ ಜನಾಂಗದ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಕೂಡಿ ಓದಿದರು ಎಂಬುದು ಸಣ್ಣ ಮಾತಲ್ಲ.

ಇದನ್ನು ಸಹಿಸದವರೂ ಇದ್ದರು. 1904ರಲ್ಲಿ ಕೆಂಟುಕಿಯ ಶಾಸನಸಭೆ 'ಡೇ ಕಾನೂನು' ಎಂದು ಹೆಸರಾದ ಕಾಯಿದೆಯನ್ನು ಮಾಡಿ, ಎರಡು ಜನಾಂಗದವರು ಒಂದೇ ಶಾಲೆಯಲ್ಲಿ ಓದುವುದನ್ನು ನಿಷೇಧಿಸಿತು. ಇಡೀ ರಾಜ್ಯದಲ್ಲಿ ಹಾಗೆ ಕೂಡಿ ಕಲಿಸುತ್ತಿದ್ದ ಕಾಲೇಜು ಬಿರಿಯಾ. ಕಾಲೇಜು ಮೊಕದ್ದಮೆ ಹೂಡಿ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1908ರಲ್ಲಿ ಸೋತಿತು. ಕೆಂಟುಕಿಯವರೇ ಆದ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್ ಬಹುಮತಕ್ಕೆ ವಿರುದ್ಧವಾಗಿ ಭಿನ್ನ ತೀರ್ಪು ಬರೆದರು. ಕಾಲೇಜು ಕಪ್ಪು ವಿದ್ಯಾರ್ಥಿಗಳಿಗಾಗಿ ಬೇರೆ ಕಡೆ ಲಿಂಕನ್ ಇನ್‌ಸ್ಟಿಟ್ಯೂಟ್ ಎಂಬ ಶಾಲೆಯನ್ನು ಕಟ್ಟಲು ನೆರವಾಯಿತು. 1950ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಬಿರಿಯಾದ ಬಾಗಿಲು ಮತ್ತೆ ಎಲ್ಲರಿಗೂ ತೆರೆಯಿತು.

ನಡುವೆ ನಲವತ್ತಾರು ವರ್ಷ ಕಳೆದಿದ್ದವು. ನಲವತ್ತಾರು ವರ್ಷವೆಂದರೆ ಎರಡು ತಲೆಮಾರು. ಅಷ್ಟು ಕಾಲ ಒಂದು ಕಾಲೇಜಿನಲ್ಲಿ ಬಿಳಿಯರೇ ಓದಿದರೆ, ಮೊದಲಿನಿಂದಲೂ ಹಾಗೇ ಇತ್ತು ಎಂದು ಮುಂದಿನವರು ನಂಬುವುದು ಸುಲಭ. ಹಾಗೆ ನಂಬಲು ಅವಕಾಶ ಕೊಡದೇ ಇರುವುದು ಹಳೆಯ ಕಾಗದ. ವಿದ್ಯಾರ್ಥಿಗಳ ಪಟ್ಟಿ, ಆಡಳಿತ ಮಂಡಳಿಯ ನಡವಳಿ ಪುಸ್ತಕ, ಶಿಕ್ಷಕರ ಪತ್ರ, ತರಗತಿಯ ಗುಂಪು ಚಿತ್ರ ಇವು ಕಾಲೇಜಿನ ಪತ್ರಾಗಾರದಲ್ಲಿ ಉಳಿದಿವೆ. ಕಾನೂನು ಮನುಷ್ಯರನ್ನು ಬೇರ್ಪಡಿಸಿತು. ಪಟ್ಟಿಯಲ್ಲಿ ಅಕ್ಕಪಕ್ಕ ಇದ್ದ ಹೆಸರುಗಳನ್ನು ಅದು ಬೇರ್ಪಡಿಸಲಾಗಲಿಲ್ಲ.

ಆ ಹೆಸರುಗಳಲ್ಲಿ ಒಂದು ಕಾರ್ಟರ್ ಜಿ. ವುಡ್ಸನ್ ಅವರದು. ಗುಲಾಮರಾಗಿದ್ದವರ ಮಗ. ಹರೆಯದಲ್ಲಿ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಓದು ಬಾರದ ಹಿರಿಯ ಗಣಿ ಕೆಲಸಗಾರರಿಗೆ ದಿನಪತ್ರಿಕೆ ಓದಿ ಹೇಳುತ್ತ, ಅವರು ಹೇಳುವ ಅಂತರ್ಯುದ್ಧದ ನೆನಪುಗಳನ್ನು ಕೇಳುತ್ತ ಅವರಿಗೆ ಇತಿಹಾಸದಲ್ಲಿ ಆಸಕ್ತಿ ಹುಟ್ಟಿತು. 1903ರಲ್ಲಿ, ಅಂದರೆ ಡೇ ಕಾನೂನು ಬರುವ ಹಿಂದಿನ ವರ್ಷ, ಅವರು ಬಿರಿಯಾದಲ್ಲಿ ಪದವಿ ಪಡೆದರು. 1912ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದು, 1915ರಲ್ಲಿ ಕಪ್ಪು ಜನರ ಇತಿಹಾಸದ ಅಧ್ಯಯನಕ್ಕಾಗಿ ಒಂದು ಸಂಘವನ್ನು ಕಟ್ಟಿದರು. 1926ರಲ್ಲಿ ಅವರು ಆರಂಭಿಸಿದ ಇತಿಹಾಸ ಸಪ್ತಾಹವೇ ಇಂದು ಅಮೆರಿಕದಲ್ಲಿ ಪ್ರತಿ ಫೆಬ್ರವರಿಯಲ್ಲಿ ಆಚರಿಸುವ ಕಪ್ಪು ಇತಿಹಾಸದ ತಿಂಗಳು. ದಾಖಲೆಯಿಲ್ಲದ ಜನರನ್ನು ಲೋಕ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದನ್ನು ಬೆಟ್ಟದ ಗಣಿಯಿಂದ ಬಂದ ಈ ಮನುಷ್ಯ ಚೆನ್ನಾಗಿ ಬಲ್ಲವರಾಗಿದ್ದರು.

ಬಿರಿಯಾ ಇಂದಿಗೂ ವಿದ್ಯಾರ್ಥಿಗಳಿಂದ ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ. ಅದರ ಬದಲಿಗೆ ಎಲ್ಲರೂ ವಾರಕ್ಕೆ ಕನಿಷ್ಠ ಹತ್ತು ಗಂಟೆ ಕಾಲೇಜಿನಲ್ಲಿ ಕೆಲಸ ಮಾಡಬೇಕು. ಕಾಲೇಜಿನ ಹಚಿನ್ಸ್ ಗ್ರಂಥಾಲಯದಲ್ಲಿ ಕಾಲೇಜಿನ ಕಾಗದಗಳ ಜೊತೆಗೆ ಸುತ್ತಣ ಬೆಟ್ಟಸೀಮೆಯ ಸಂಘಸಂಸ್ಥೆಗಳ ಕಡತಗಳು, ಪಿಟೀಲು ಮತ್ತು ಬ್ಯಾಂಜೊ ನುಡಿಸುವವರ ಧ್ವನಿಮುದ್ರಣಗಳು, ಜಾನಪದ ಕಥೆಗಳ ಸಂಗ್ರಹ ಎಲ್ಲವೂ ಇವೆ. ಕಾಲೇಜು ತನ್ನ ಕಥೆಯನ್ನು ಮಾತ್ರ ಉಳಿಸಿಕೊಳ್ಳದೆ ಸುತ್ತಲಿನ ಹಳ್ಳಿಗಳ ಕಥೆಗೂ ಜಾಗ ಕೊಟ್ಟಿತು ಎಂಬುದನ್ನು ಗಮನಿಸಬೇಕು.

ಜಮೀನು ಕೊಟ್ಟವರು, ಪತ್ರ ಬರೆದವರು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಟ್ಟದೊಳಗೆ 'ಸೆಟಲ್‌ಮೆಂಟ್ ಶಾಲೆ'ಗಳು ಹುಟ್ಟಿಕೊಂಡವು. ಶಿಕ್ಷಕಿಯರು ಹಳ್ಳಿಯಲ್ಲೇ ನೆಲೆಸಿ, ಮಕ್ಕಳಿಗೆ ವಸತಿ ಕೊಟ್ಟು, ಪಾಠದ ಜೊತೆಗೆ ಆರೋಗ್ಯ, ಬೇಸಾಯ, ನೇಯ್ಗೆ ಕಲಿಸುವ ಶಾಲೆಗಳಿವು. 1902ರಲ್ಲಿ ಕೆಂಟುಕಿಯ ನಾಟ್ ಕೌಂಟಿಯಲ್ಲಿ ಮೇ ಸ್ಟೋನ್ ಮತ್ತು ಕ್ಯಾಥರೀನ್ ಪೆಟಿಟ್ ಹಿಂಡ್‌ಮನ್ ಶಾಲೆಯನ್ನು ಆರಂಭಿಸಿದರು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ, ಗಾತ್ರದಲ್ಲಿ ಎಷ್ಟೋ ಸಲ ತಾಲ್ಲೂಕಿನಷ್ಟೇ ಇರುತ್ತದೆ. 1913ರಲ್ಲಿ ಪೆಟಿಟ್ ಅವರೇ ಎಥೆಲ್ ಡಿ ಲಾಂಗ್ ಜೊತೆಗೂಡಿ ಹಾರ್ಲನ್ ಕೌಂಟಿಯಲ್ಲಿ ಪೈನ್ ಮೌಂಟನ್ ಶಾಲೆಯನ್ನು ಸ್ಥಾಪಿಸಿದರು. ಅದಕ್ಕೆ ಜಮೀನು ಕೊಟ್ಟವರು ವಿಲಿಯಂ ಕ್ರೀಚ್ ಎಂಬ ಸ್ಥಳೀಯ ರೈತ. ತನ್ನ ಕಣಿವೆಯ ಮಕ್ಕಳು ಓದಬೇಕೆಂಬ ಒಂದೇ ಹಂಬಲದಿಂದ ಅವರು ನೆಲ ಕೊಟ್ಟರು. ನಮ್ಮ ನಾಡಿನಲ್ಲೂ ಊರೂರಿನ ಶಾಲೆಗಳ ಹಿಂದೆ ಇಂಥ ದಾನಿಗಳಿದ್ದಾರೆ. ವ್ಯತ್ಯಾಸವೆಂದರೆ, ಕ್ರೀಚ್ ಅವರು ಯಾಕೆ ಕೊಟ್ಟೆ ಎಂದು ಹೇಳಿದ ಮಾತುಗಳನ್ನು ಶಾಲೆಯವರು ಬರೆದಿಟ್ಟರು. ನೂರು ವರ್ಷ ಕಳೆದರೂ ಅದನ್ನು ಓದಬಹುದು.

1916ರಲ್ಲಿ ಬಾಸ್ಟನ್ ಕಡೆಯಿಂದ ಆಲಿಸ್ ಲಾಯ್ಡ್ ಎಂಬ ಮಹಿಳೆ ನಾಟ್ ಕೌಂಟಿಗೆ ಬಂದು ಕ್ಯಾನಿ ಎಂಬ ಹಳ್ಳದ ದಂಡೆಯಲ್ಲಿ ನೆಲೆಸಿದರು. ಅವರ ದೇಹದ ಬಲಭಾಗಕ್ಕೆ ಸ್ವಾಧೀನ ಕಡಿಮೆ. ಎಡಗೈಯೊಂದರಿಂದಲೇ ಹಳೆಯ ಟೈಪ್‌ರೈಟರಿನಲ್ಲಿ ದೇಶದ ಮೂಲೆಮೂಲೆಗೆ ಪತ್ರ ಬರೆದು ಹಣ, ಪುಸ್ತಕ, ಬಟ್ಟೆ ತರಿಸಿದರು. 1923ರಲ್ಲಿ ಜೂನ್ ಬ್ಯುಕ್ಯಾನನ್ ಅವರ ಜೊತೆಗೂಡಿ ಕ್ಯಾನಿ ಜೂನಿಯರ್ ಕಾಲೇಜನ್ನು ಆರಂಭಿಸಿದರು. 1962ರಲ್ಲಿ ಅವರು ತೀರಿಕೊಂಡ ಮೇಲೆ ಕಾಲೇಜಿಗೆ ಅವರದೇ ಹೆಸರಾಯಿತು. ಇನ್ನು ನಾರ್ತ್ ಕ್ಯಾರೊಲಿನಾದ ಬೂನ್ ಪಟ್ಟಣದಲ್ಲಿ 1899ರಲ್ಲಿ ಡಾಹರ್ಟಿ ಸೋದರರು ಆರಂಭಿಸಿದ ವಟಾಗ ಅಕಾಡೆಮಿ ಎಂಬ ಪುಟ್ಟ ಶಾಲೆ, ಶಿಕ್ಷಕರ ತರಬೇತಿ ಶಾಲೆಯಾಗಿ ಬೆಳೆದು, ಇಂದು ಅಪಲಾಚಿಯನ್ ಸ್ಟೇಟ್ ವಿಶ್ವವಿದ್ಯಾಲಯವಾಗಿದೆ.

ಈ ಸಂಸ್ಥೆಗಳ ಕಾಗದಗಳನ್ನು ಓದುವಾಗ ಒಂದು ಎಚ್ಚರ ಬೇಕು. ಹಣ ಕೇಳಿ ಬರೆದ ಪತ್ರಗಳಲ್ಲಿ ಬಡತನ ಎದ್ದು ಕಾಣುವಂತೆ ಬರೆಯುವುದು ಸಹಜ. ಬರೆದವರು ಹೆಚ್ಚಾಗಿ ಹೊರಗಿನಿಂದ ಬಂದ ವಿದ್ಯಾವಂತರು. ಅವರ ಸೇವೆ ದೊಡ್ಡದು. ಆದರೆ ಬೆಟ್ಟದವರಿಗೆ ಯಾವುದು ಒಳ್ಳೆಯದೆಂದು ತಮಗೇ ಗೊತ್ತು ಎಂಬ ಧೋರಣೆಯೂ ಕೆಲವೊಮ್ಮೆ ಅವರಲ್ಲಿತ್ತು. ಆ ಪತ್ರಗಳನ್ನಷ್ಟೇ ಓದಿದರೆ ಅಡುಗೆಮನೆಯಲ್ಲಿ ದುಡಿದ ಸ್ಥಳೀಯ ಹೆಂಗಸು ಏನೆಂದುಕೊಂಡಳು, ಮಗನನ್ನು ಶಾಲೆಗೆ ಬಿಟ್ಟು ಬಂದ ತಂದೆ ಏನೆಂದುಕೊಂಡ ಎಂಬುದು ತಿಳಿಯುವುದಿಲ್ಲ. ಅವರು ಪತ್ರ ಬರೆದವರಲ್ಲ, ಮಾತಾಡಿದವರು. ಮಾತನ್ನು ಕಾಪಾಡುವುದು ಹೇಗೆ?

ಮಕ್ಕಳು ಹಿರಿಯರ ಬಳಿ ಹೋದರು

ಈ ಪ್ರಶ್ನೆಗೆ ಒಂದು ಉತ್ತರವನ್ನು ಕೊಟ್ಟವರು ಪ್ರೌಢಶಾಲೆಯ ಮಕ್ಕಳು. ಜಾರ್ಜಿಯಾದ ಉತ್ತರ ತುದಿಯಲ್ಲಿರುವ ರೇಬನ್ ಗ್ಯಾಪ್ ಎಂಬಲ್ಲಿನ ಶಾಲೆಯೊಂದರಲ್ಲಿ 1966ರಲ್ಲಿ ಇಂಗ್ಲಿಷ್ ತರಗತಿಯ ವಿದ್ಯಾರ್ಥಿಗಳು ಒಂದು ಪತ್ರಿಕೆ ಹೊರಡಿಸಲು ನಿರ್ಧರಿಸಿದರು. ಕತ್ತಲಲ್ಲಿ ಮಿನುಗುವ ಒಂದು ಬಗೆಯ ಕಾಡಿನ ಶಿಲೀಂಧ್ರದ ಹೆಸರನ್ನೇ ಅದಕ್ಕೆ ಇಟ್ಟರು: 'ಫಾಕ್ಸ್‌ಫೈರ್'. ಮಕ್ಕಳು ಧ್ವನಿಮುದ್ರಕ ಹಿಡಿದು ತಮ್ಮದೇ ಅಜ್ಜ ಅಜ್ಜಿಯರ ಬಳಿ, ನೆರೆಹೊರೆಯ ಮುದುಕರ ಬಳಿ ಹೋದರು. ದಿಮ್ಮಿಯ ಮನೆ ಕಟ್ಟುವುದು ಹೇಗೆ, ಸಾಬೂನು ಕಾಯಿಸುವುದು ಹೇಗೆ, ಯಾವ ನಕ್ಷತ್ರ ನೋಡಿ ಬಿತ್ತನೆ ಮಾಡುತ್ತಿದ್ದರು, ಸೂಲಗಿತ್ತಿ ಏನು ಮಾಡುತ್ತಿದ್ದಳು ಎಂದೆಲ್ಲ ಕೇಳಿ, ಅವರ ಆಡುಮಾತಿನಲ್ಲೇ ಬರೆದುಕೊಂಡರು. ಮೊದಲ ಸಂಚಿಕೆ 1967ರಲ್ಲಿ ಬಂತು. 1972ರಲ್ಲಿ ಈ ಲೇಖನಗಳು ಪುಸ್ತಕವಾಗಿ ಪ್ರಕಟವಾಗಿ ದೇಶದಾದ್ಯಂತ ಲಕ್ಷಾಂತರ ಪ್ರತಿಗಳು ಮಾರಾಟವಾದವು. ಬಂದ ಗೌರವಧನದಲ್ಲಿ ಬೆಟ್ಟದ ಮೇಲೆ ಜಾಗ ಕೊಂಡು, ಹಳೆಯ ದಿಮ್ಮಿಯ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿ, ವಸ್ತು ಸಂಗ್ರಹಾಲಯ ಮಾಡಿದರು. ಮಕ್ಕಳು ಮುದ್ರಿಸಿದ ಧ್ವನಿಸುರುಳಿಗಳೂ ತೆಗೆದ ಚಿತ್ರಗಳೂ ಅವರ ಸಂಗ್ರಹದಲ್ಲಿವೆ.

1970ರ ದಶಕದಲ್ಲಿ ಇದೇ ಕೆಲಸವನ್ನು ನಾಲ್ಕು ಕಾಲೇಜುಗಳು ಸೇರಿ ದೊಡ್ಡದಾಗಿ ಮಾಡಿದವು. ಕೆಂಟುಕಿಯ ಆಲಿಸ್ ಲಾಯ್ಡ್ ಮತ್ತು ಲೀಸ್, ವರ್ಜೀನಿಯಾದ ಎಮೊರಿ ಅಂಡ್ ಹೆನ್ರಿ, ನಾರ್ತ್ ಕ್ಯಾರೊಲಿನಾದ ಅಪಲಾಚಿಯನ್ ಸ್ಟೇಟ್ ಇವು ಆ ನಾಲ್ಕು. ವಿದ್ಯಾರ್ಥಿಗಳು ಗಣಿ ಕೆಲಸಗಾರರು, ರೈತರು, ಗೃಹಿಣಿಯರು, ಒಂಟಿ ಕೋಣೆಯ ಶಾಲೆಗಳ ನಿವೃತ್ತ ಶಿಕ್ಷಕರು ಮುಂತಾದವರ ಸಂದರ್ಶನ ಮಾಡಿದರು. ಅವುಗಳಿಂದ ಆಯ್ದ ಭಾಗಗಳು 1977ರಲ್ಲಿ ಪುಸ್ತಕವಾಗಿ ಬಂದವು. ಪತ್ರಿಕೆಯವರು ಹೀಯಾಳಿಸಿದ್ದ ಅದೇ ಜನ ಇಲ್ಲಿ ತಮ್ಮ ಬಾಯಿಂದಲೇ ತಮ್ಮ ಕಥೆ ಹೇಳಿದರು. ಕೇಳಿದವರು ಅವರ ಮಕ್ಕಳು ಮೊಮ್ಮಕ್ಕಳೇ ಆದ್ದರಿಂದ ಅವರು ಸಂಕೋಚಪಡಲಿಲ್ಲ.

ಹಾರ್ಲನ್ ಕೌಂಟಿಯ ಲಿಂಚ್ ಎಂಬ ಗಣಿ ಊರಿನ ಸಂಗತಿಯನ್ನೂ ಹೇಳಬೇಕು. ಅಲ್ಲಿ ಕಪ್ಪು ಜನಾಂಗದ ಗಣಿ ಕೆಲಸಗಾರರ ಮಕ್ಕಳಿಗೆ ಪ್ರತ್ಯೇಕ ಶಾಲೆಯಿತ್ತು. 1960ರ ದಶಕದಲ್ಲಿ ಶಾಲೆಗಳು ಒಂದಾದಾಗ ಅದು ಮುಚ್ಚಿತು. ಪ್ರತ್ಯೇಕತೆ ಹೋದದ್ದು ನ್ಯಾಯವೇ. ಆದರೆ ಆ ಶಾಲೆಯ ಹೆಸರು, ಅದರ ತಂಡ, ಅದರ ಶಿಕ್ಷಕರ ಸ್ಥಾನಮಾನ ಎಲ್ಲವೂ ಅದರೊಡನೆ ಹೋದವು. ಗಣಿಯಲ್ಲಿ ಯಂತ್ರಗಳು ಬಂದು ಕೆಲಸ ಕಡಿಮೆಯಾದ ಮೇಲೆ ಕುಟುಂಬಗಳು ಡೆಟ್ರಾಯಿಟ್, ಕ್ಲೀವ್‌ಲೆಂಡ್‌ನಂಥ ಊರುಗಳಿಗೆ ಗುಳೆ ಹೋದವು. ಹಾಗೆ ಚದುರಿದವರು ಒಂದು ಸಂಘ ಕಟ್ಟಿಕೊಂಡು ವರ್ಷಕ್ಕೊಮ್ಮೆ ಒಂದೆಡೆ ಸೇರುತ್ತ ಬಂದಿದ್ದಾರೆ. ಅವರ ಮನೆಗಳಲ್ಲಿದ್ದ ಚಿತ್ರಗಳನ್ನೂ ನೆನಪುಗಳನ್ನೂ ಈಗ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್ ಗ್ರಂಥಾಲಯ ಸಂಗ್ರಹಿಸಿ ಇಟ್ಟಿದೆ. ಈ ಸಂಗ್ರಹಕ್ಕೆ ಕಾರಣರಾದವರಲ್ಲಿ ಒಬ್ಬರಾದ ಸಮಾಜಶಾಸ್ತ್ರಜ್ಞೆ ಕರೀಡಾ ಬ್ರೌನ್ ಅವರ ಹಿರಿಯರು ಲಿಂಚ್ ಊರಿನವರೇ. ಶಾಲೆ ಮುಚ್ಚಿದರೂ ಹಳೆಯ ವಿದ್ಯಾರ್ಥಿಗಳು ಒಗ್ಗಟ್ಟಾಗಿದ್ದರೆ ಇತಿಹಾಸ ಉಳಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಹಳೆಯ ಕಾಗದ ಹಕ್ಕಾಗುವ ಬಗೆ

ಪತ್ರಾಗಾರ ಎಂದರೆ ನೆನಪಿನ ಪೆಟ್ಟಿಗೆ ಮಾತ್ರವಲ್ಲ. ಬೆಟ್ಟದ ಜನರಿಗೆ ಅದು ಹಕ್ಕಿನ ಪ್ರಶ್ನೆಯೂ ಆಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಕಂಪನಿಗಳ ಪರವಾಗಿ ಬಂದವರು ರೈತರಿಂದ ನೆಲದಡಿಯ ಖನಿಜದ ಹಕ್ಕನ್ನು ಕಡಿಮೆ ಬೆಲೆಗೆ ಕೊಂಡರು. ಓದು ಬಾರದ ಎಷ್ಟೋ ಮಂದಿ ನಮ್ಮಲ್ಲಿ ಹೆಬ್ಬೆಟ್ಟು ಒತ್ತುವಂತೆ ಕರಾರಿನ ಮೇಲೆ ಒಂದು ಗುಣಾಕಾರದ ಗುರುತು ಹಾಕಿದರು. ನೆಲ ತಮ್ಮದೇ ಉಳಿಯುತ್ತದೆ ಎಂದು ಅವರು ನಂಬಿದ್ದರು. ಖನಿಜ ತೆಗೆಯಲು ಮೇಲ್ಮಣ್ಣನ್ನು ಬೇಕಾದಂತೆ ಬಳಸುವ ಹಕ್ಕೂ ಆ ಕರಾರಿನಲ್ಲಿ ಅಡಗಿತ್ತು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಬೆಟ್ಟವನ್ನೇ ಬಗೆಯುವ ಯಂತ್ರಗಳು ಬಂದಾಗ ಮೊಮ್ಮಕ್ಕಳ ಹೊಲ, ತೋಟ ಹಾಳಾದವು. ಬಹುಕಾಲದ ಹೋರಾಟದ ನಂತರ 1988ರಲ್ಲಿ ಕೆಂಟುಕಿಯ ಮತದಾರರು ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದು ಇದಕ್ಕೆ ತಡೆ ಹಾಕಿದರು.

1977ರಲ್ಲಿ ದೊಡ್ಡ ನೆರೆ ಬಂದು ಮನೆ ಕಳೆದುಕೊಂಡವರಿಗೆ ಮತ್ತೆ ಮನೆ ಕಟ್ಟಲು ಜಾಗ ಹುಡುಕಿದಾಗ, ಸುತ್ತಲಿನ ಎತ್ತರದ ನೆಲವೆಲ್ಲ ದೂರದ ಕಂಪನಿಗಳ ಹೆಸರಿನಲ್ಲಿರುವುದು ಕಂಡಿತು. ಹಾಗಾದರೆ ಈ ಬೆಟ್ಟಗಳ ಒಡೆಯರು ಯಾರು ಎಂಬ ಪ್ರಶ್ನೆ ಎದ್ದಿತು. ಸ್ಥಳೀಯರೂ ವಿದ್ವಾಂಸರೂ ಸೇರಿ ಆರು ರಾಜ್ಯಗಳ 80 ಕೌಂಟಿಗಳ ಕಚೇರಿಗಳಿಗೆ ಹೋಗಿ, ಕಂದಾಯದ ಪುಸ್ತಕಗಳನ್ನು ಹಾಳೆ ಹಾಳೆಯಾಗಿ ನೋಡಿ ಲೆಕ್ಕ ಹಾಕಿದರು. ನೆಲದ ಮತ್ತು ಖನಿಜದ ಬಹುಪಾಲು ಹೊರಗಿನವರ ಕೈಯಲ್ಲಿದೆ, ಅವರು ಕಟ್ಟುವ ಕಂದಾಯ ತೀರಾ ಕಡಿಮೆ, ಶಾಲೆಗಳಿಗೆ ಹಣ ಸಾಲದಿರಲು ಅದೇ ಕಾರಣ ಎಂಬುದು ಹೊರಬಿತ್ತು. 1983ರಲ್ಲಿ ಇದು ಪುಸ್ತಕವಾಗಿ ಪ್ರಕಟವಾಯಿತು. ಆ ಅಧ್ಯಯನದ ಕಡತಗಳು ಅಪಲಾಚಿಯನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಬಡತನಕ್ಕೆ ಬೆಟ್ಟದವರ ಸೋಮಾರಿತನವೇ ಕಾರಣ ಎಂದು ಹೇಳುತ್ತ ಬಂದವರಿಗೆ ಅಲ್ಲಿ ಉತ್ತರವಿದೆ.

ಆ ಸಂಗ್ರಹಕ್ಕೆ ಅಲ್ಲಿನ ಗ್ರಂಥಪಾಲಕರಾಗಿದ್ದ ಯೂರಿ ಅವರ ಹೆಸರಿದೆ. 1968ರಲ್ಲಿ ಅದು ಸ್ಥಾಪನೆಯಾಯಿತು. ಅದೇ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದ ಕ್ರೇಟಿಸ್ ವಿಲಿಯಮ್ಸ್ ಬೆಟ್ಟದ ಜನರನ್ನು ಕುರಿತು 1961ರಲ್ಲಿ ಬರೆದ ಸಂಶೋಧನ ಪ್ರಬಂಧ ಈ ಅಧ್ಯಯನಕ್ಷೇತ್ರಕ್ಕೆ ತಳಹದಿಯಾಯಿತು. ಹತ್ತು ವರ್ಷಗಳ ನಂತರ, 1978ರಲ್ಲಿ, ಪೂರ್ವ ಟೆನೆಸ್ಸಿ ರಾಜ್ಯ ವಿಶ್ವವಿದ್ಯಾಲಯವೂ 'ಅಪಲಾಚಿಯಾ ಪತ್ರಾಗಾರ'ವನ್ನು ತೆರೆಯಿತು. ಆ ವಿಶ್ವವಿದ್ಯಾಲಯವೂ 1911ರಲ್ಲಿ ಶಿಕ್ಷಕರ ತರಬೇತಿ ಶಾಲೆಯಾಗಿ ಹುಟ್ಟಿದ್ದೇ.

ಈ ಪತ್ರಾಗಾರಗಳ ಕೆಲಸದ ಕ್ರಮ ಸರಳವಾದದ್ದು. ಒಬ್ಬರಿಂದ ಬಂದ ಕಾಗದಗಳನ್ನು ಇನ್ನೊಬ್ಬರವುಗಳ ಜೊತೆ ಬೆರೆಸುವುದಿಲ್ಲ. ಅವರು ಜೋಡಿಸಿಟ್ಟ ಕ್ರಮವನ್ನು ಆದಷ್ಟೂ ಕೆಡಿಸುವುದಿಲ್ಲ. ತುಕ್ಕು ಹಿಡಿಯುವ ಗುಂಡುಸೂಜಿ, ಪಿನ್ನು ತೆಗೆದು, ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂಬ ಪಟ್ಟಿ ಮಾಡುತ್ತಾರೆ. ಚಿತ್ರದ ಹಿಂದೆ ಮೆದು ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ ಬರೆಯುತ್ತಾರೆ. ವಿದ್ಯಾರ್ಥಿಗಳ ಖಾಸಗಿ ವಿವರಗಳಿರುವ ಕಡತಗಳನ್ನು ಎಲ್ಲರಿಗೂ ತೆರೆಯುವುದಿಲ್ಲ. ಹೆಸರಿಲ್ಲದ ಚಿತ್ರ ಅರ್ಧ ಸತ್ತಂತೆ. ಪಟ್ಟಿಯಿಲ್ಲದ ಪೆಟ್ಟಿಗೆ ಇದ್ದೂ ಇಲ್ಲದಂತೆ.

ನೀರು ನುಗ್ಗಿದ ದಿನ

ಇಷ್ಟೆಲ್ಲ ಮಾಡಿದರೂ ಅಪಾಯ ತಪ್ಪಿದ್ದಲ್ಲ. ಕೆಂಟುಕಿಯ ವೈಟ್ಸ್‌ಬರ್ಗ್ ಎಂಬ ಪುಟ್ಟ ಪಟ್ಟಣದಲ್ಲಿ 1969ರಲ್ಲಿ ಸ್ಥಳೀಯ ಯುವಕರಿಗೆ ಚಲನಚಿತ್ರ ತಯಾರಿಕೆ ಕಲಿಸಲು 'ಆಪಲ್‌ಶಾಪ್' ಎಂಬ ಸಂಸ್ಥೆ ಆರಂಭವಾಗಿತ್ತು. ಬಡತನದ ಚಿತ್ರ ತೆಗೆಯಲು ಹೊರಗಿನವರು ಬರುತ್ತಿದ್ದ ಕಾಲದಲ್ಲಿ ಬೆಟ್ಟದ ಯುವಕರೇ ಕ್ಯಾಮೆರಾ ಹಿಡಿದರು. ಐವತ್ತು ವರ್ಷಗಳ ಚಿತ್ರಸುರುಳಿ, ಧ್ವನಿಸುರುಳಿ, ಛಾಯಾಚಿತ್ರಗಳು ಅವರ ಸಂಗ್ರಹದಲ್ಲಿದ್ದವು. 2022ರ ಜುಲೈ 28ರಂದು ಪೂರ್ವ ಕೆಂಟುಕಿಯಲ್ಲಿ ಭೀಕರ ನೆರೆ ಬಂತು. 40ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಕೆಂಟುಕಿ ನದಿಯ ಉತ್ತರ ಕವಲು ಉಕ್ಕಿ ಆಪಲ್‌ಶಾಪಿನ ಕಟ್ಟಡಕ್ಕೆ ನುಗ್ಗಿ ಸಂಗ್ರಹವನ್ನು ಕೆಸರಿನಲ್ಲಿ ಮುಳುಗಿಸಿತು. ಅದೇ ನೆರೆಯಲ್ಲಿ ಹಿಂಡ್‌ಮನ್ ಶಾಲೆಯ ಪಕ್ಕದ ಟ್ರಬಲ್‌ಸಮ್ ಹಳ್ಳವೂ ಉಕ್ಕಿ, ನೂರಿಪ್ಪತ್ತು ವರ್ಷಗಳ ಕಾಗದ, ಚಿತ್ರಗಳಿಗೆ ನೀರು ತಗುಲಿತು.

ತಮ್ಮ ಮನೆಗಳೇ ಹಾಳಾಗಿದ್ದ ಜನ ಅಲ್ಲಿಗೆ ಬಂದು ಕೆಸರು ತೊಳೆದರು. ಬೇರೆ ಸಂಸ್ಥೆಗಳ ಪತ್ರಾಗಾರದವರೂ ನೆರವಿಗೆ ಬಂದರು. ಒದ್ದೆ ಚಿತ್ರಗಳನ್ನು ಒಂದೊಂದಾಗಿ ಬಿಡಿಸಿ ಒಣಗಿಸಿದರು. ಒದ್ದೆಯಾದ ಕಾಗದಕ್ಕೆ ಎರಡು ಮೂರು ದಿನಗಳಲ್ಲೇ ಬೂಷ್ಟು ಹಿಡಿಯುತ್ತದೆ, ಅಷ್ಟರೊಳಗೆ ಒಣಗಿಸಬೇಕು ಅಥವಾ ಘನೀಭವಿಸುವಷ್ಟು ತಣ್ಣಗಿಡಬೇಕು. ಕೆಟ್ಟ ಸುರುಳಿಗಳನ್ನು ಪರಿಣತರ ಬಳಿಗೆ ಕಳಿಸಿದರು. ಕೆಲವು ಉಳಿದವು, ಕೆಲವು ಹೋದವು. ಮೊದಲೇ ಪ್ರತಿ ಮಾಡಿ ಬೇರೆ ಕಡೆ ಇಟ್ಟಿದ್ದವುಗಳಿಗೆ ಮಾತ್ರ ಭಯವಿರಲಿಲ್ಲ. ಊರಿನ ಕಾಗದ ಊರಿನಲ್ಲೇ ಇರಬೇಕು, ಅದರ ಒಂದು ಪ್ರತಿ ಊರಿನಾಚೆಯೂ ಇರಬೇಕು ಎಂಬ ಪಾಠವನ್ನು ಆ ನೆರೆ ಕಲಿಸಿತು.

ನಮ್ಮ ಪಾಲಿನ ಕೆಲಸ

ಇನ್ನು ನಮ್ಮ ಕಡೆಗೆ ಬರುತ್ತೇನೆ. 'ಕಡತ' ಎಂಬ ಮಾತನ್ನು ನಾವು ಕಚೇರಿಯ ಫೈಲಿಗೆ ಬಳಸುತ್ತೇವೆ. ಮೂಲತಃ ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಬಳಪದಿಂದ ಬರೆಯುತ್ತಿದ್ದ ಮಡಿಕೆ ಪುಸ್ತಕ. ನಮ್ಮ ಹಿರಿಯರು ಲೆಕ್ಕಪತ್ರವನ್ನು ಅದರಲ್ಲಿಟ್ಟು ಮನೆಯ ಅಟ್ಟದಲ್ಲಿ ಕಾಪಾಡಿದರು. ಕಾಪಾಡುವ ಬುದ್ಧಿ ನಮಗೆ ಹೊಸದಲ್ಲ.

ಶಾಲೆಯಲ್ಲಿ ದಾಖಲಾತಿ ರಿಜಿಸ್ಟರುಗಳಿವೆ. ಹಾಜರಿ ಪುಸ್ತಕ, ಸಂದರ್ಶಕರ ಪುಸ್ತಕ, ವಾರ್ಷಿಕೋತ್ಸವದ ಆಮಂತ್ರಣ, ಕ್ರೀಡಾಕೂಟದ ಚಿತ್ರಗಳು ಇವೆ. ದಾಖಲಾತಿ ರಿಜಿಸ್ಟರಿನ ಹಾಳೆ ತಿರುವಿದರೆ ಯಾವ ವರ್ಷ ಎಷ್ಟು ಹೆಣ್ಣುಮಕ್ಕಳು ಬಂದರು, ಯಾವ ಕೇರಿಯಿಂದ ಮೊದಲ ಬಾರಿಗೆ ಮಗುವೊಂದು ಎಂಟನೆಯ ತರಗತಿಗೆ ಸೇರಿತು, ಬರಗಾಲದ ವರ್ಷ ಎಷ್ಟು ಮಂದಿ ಶಾಲೆ ಬಿಟ್ಟರು ಎಂಬುದು ತಿಳಿಯುತ್ತದೆ. ಇದು ಯಾವ ಪಠ್ಯಪುಸ್ತಕದಲ್ಲೂ ಸಿಗದ ಇತಿಹಾಸ. ಗೆದ್ದಲಿಗೂ ಸೋರುವ ಮಾಡಿಗೂ ಅದರ ಬೆಲೆ ಗೊತ್ತಿಲ್ಲ. ನಮಗೆ ಗೊತ್ತಿರಬೇಕು.

ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟುವವರು, ಬೆಂಚು ಕೊಡುವವರು, ಕಂಪ್ಯೂಟರು ಕೊಡುವವರು ಇದ್ದಾರೆ. ಅವರಿಗೆ ನಮಸ್ಕಾರಗಳು. ಅದರ ಜೊತೆಗೆ ಒಂದು ಕಬ್ಬಿಣದ ಬೀರು, ನೆಲದಿಂದ ಎತ್ತರದಲ್ಲಿ ಅದನ್ನಿಡಲು ಸೋರದ ಒಂದು ಮೂಲೆ, ಮುಖ್ಯ ಕಾಗದಗಳ ಒಂದು ಪ್ರತಿ, ಬೀರುವಿನ ಬಾಗಿಲಿಗೆ ಅಂಟಿಸಿದ ಒಂದು ಪಟ್ಟಿ ಇಷ್ಟಾದರೆ ನಮ್ಮದೂ ಒಂದು ಪತ್ರಾಗಾರವಾಗುತ್ತದೆ. ಹಳೆಯ ವಿದ್ಯಾರ್ಥಿಗಳು ಮನೆಯಲ್ಲಿರುವ ಗುಂಪು ಚಿತ್ರಗಳನ್ನು ತಂದು, ಸಾಲಿನಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ ಹೇಳಬೇಕು. ಹೇಳುವವರು ಇನ್ನೂ ಇರುವಾಗಲೇ ಆ ಕೆಲಸ ಆಗಬೇಕು. ಒಂಬತ್ತನೆಯ ತರಗತಿಯ ಮಕ್ಕಳು ಫೋನಿನಲ್ಲೇ ಹಿರಿಯರ ಮಾತನ್ನು ಮುದ್ರಿಸಿಕೊಳ್ಳಬಹುದು. ಕಟ್ಟಡಕ್ಕೆ ಕಲ್ಲು ಹೊತ್ತವರು, ಘಂಟೆ ಬಾರಿಸಿದ ಜವಾನರು, ಬಿಸಿಯೂಟ ಬಡಿಸಿದ ತಾಯಂದಿರು ಇವರನ್ನು ಮೊದಲು ಕೇಳಲಿ. ದೊಡ್ಡವರ ಭಾಷಣ ಹೇಗೂ ಅಚ್ಚಾಗುತ್ತದೆ.

ಬೆಟ್ಟದ ಜನರ ಕಥೆಯನ್ನು ಬಹುಕಾಲ ಬೇರೆಯವರು ಬರೆದರು. ತಮ್ಮ ಕಾಗದ ತಮ್ಮ ಕೈಯಲ್ಲಿ ಉಳಿದದ್ದರಿಂದ ಅವರು ಅದನ್ನು ತಿದ್ದಿ ಬರೆಯಲು ಸಾಧ್ಯವಾಯಿತು. ನಮ್ಮ ಶಾಲೆ ಶತಮಾನೋತ್ಸವ ಆಚರಿಸುವಾಗ ನಮ್ಮಲ್ಲಿ ಬಹುಪಾಲು ಮಂದಿ ಇರುವುದಿಲ್ಲ. ಅಂದು ಸಂಚಿಕೆಗೆ ಲೇಖನ ಬರೆಯಲು ಕುಳಿತವರಿಗೆ ಬೀರು ತೆಗೆದಾಗ ಏನು ಸಿಗಬೇಕು ಎಂಬುದನ್ನು ಈ ವರ್ಷವೇ ನಿರ್ಧರಿಸೋಣ.